ನಮ್ಮ ಮನೆಯವರ ಡ್ರಾ

ನಾನು ಮದುವೆಯಾಗಿ ಪುಣೆಗೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಸ್ವಾರಗೇಟ ಬಸ್ ನಿಲ್ದಾಣದ ಹಿಂದೆ ಹಳೆಯ ವಾಡೆಯೊಂದರ ಮೊದಲ ಮಹಡಿಯಲ್ಲಿ ನಮ್ಮವು ಎರಡು ಕೋಣೆ. ನಮ್ಮ ಮನೆಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಕಚೇರಿಯಲ್ಲಿ ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನಗೆ ಬೇಗನೇ ತಿಳಿಯಿತು. ಅಲ್ಲಿ ಬಾಗಿದ ಬೆನ್ನು ನೆಟ್ಟಗಾಗುತ್ತಿದ್ದದ್ದು ರವಿವಾರ, ಚದುರಂಗದ ಹಾಸಿನ ಮುಂದೆ ಕುಳಿತಾಗ.

ರವಿವಾರ ಬೆಳಗಾದರೆ ನಮ್ಮ ಕಡೆಯ ವ್ಯಾಪಾರಿಗಳು, ಬ್ಯಾಂಕಿನ ನೌಕರರು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನು ಒಳಗೆ ಚಹಾ ಕುದಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಗೆಲ್ಲುವುದು ನಮ್ಮವರಿಗೆ ಸಾಲುತ್ತಿರಲಿಲ್ಲ. ಆಟ ಮುಗಿದ ಮೇಲೆ ಸೋತವನನ್ನು ಏಳಗೊಡದೆ ಕಾಯಿಗಳನ್ನು ಹಿಂದಕ್ಕಿಟ್ಟು, ಆತ ತಪ್ಪಿದ ಜಾಗಕ್ಕೇ ತಂದು ನಿಲ್ಲಿಸಿ, ಬಹಳ ಮೆತ್ತಗೆ ಕೇಳುವರು.

"ಇಲ್ಲಿ ಏನ್ ವಿಚಾರ ಮಾಡಿದ್ರಿ?"

ಎದುರಿನವರು ಏನೋ ತೊದಲುತ್ತಿದ್ದರು.

"ಅಲ್ಲರೀ, ವಿಚಾರ ಮಾಡಿದ್ರಿ ಹೌದಲ್ಲೋ?"

ಉಳಿದವರು ನಗುತ್ತಿದ್ದರು. ಮುಂದಿನ ಸರದಿ ತಮ್ಮದೆಂದು ಗೊತ್ತಿದ್ದರೂ ನಗುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಕ್ಯಾಂಪ್ ಬಡಾವಣೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಸಾಹುಕಾರರು. ವಯಸ್ಸಿನಲ್ಲಿ ನಮ್ಮವರಿಗಿಂತ ಬಹಳ ಹಿರಿಯರು, ದಪ್ಪ ದೇಹ, ಮೆಟ್ಟಿಲು ಹತ್ತಿ ಬಂದರೆ ದಮ್ಮು ಕಟ್ಟುತ್ತಿತ್ತು. ಒಮ್ಮೆ ಅವರು ತಮ್ಮ ಹೊಸ ಅಳಿಯನನ್ನು ಕರೆದುಕೊಂಡು ಬಂದಿದ್ದರು. ಆ ದಿನವಾದರೂ ನಮ್ಮವರು ಸ್ವಲ್ಪ ಸಡಿಲ ಬಿಡಬಹುದಿತ್ತು. ಬಿಡಲಿಲ್ಲ. ಅಳಿಯನ ಕಡೆ ತಿರುಗಿ, "ನಿಮ್ಮ ಮಾವಗ ಸೀರಿ ಅಳಿಯೂದು ಚಲೋ ಬರ್ತದ. ಇದಕ್ಕ ಮಾತ್ರ ತಲಿ ಬೇಕಾಗ್ತದ ನೋಡ್ರಿ" ಎಂದರು. ಅಳಿಯ ಫಕ್ಕನೆ ನಕ್ಕ. ಸಾಹುಕಾರರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮುಂದಿನ ರವಿವಾರ ಮತ್ತೆ ಬಂದರು. ಯಾಕೆ ಬರುತ್ತಾರೆ ಈ ಮನುಷ್ಯ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ.

ಕೆಲವು ವರ್ಷಗಳ ಮೇಲೆ ಕ್ಯಾಂಪಿನ ಒಂದು ಸಭಾಗೃಹದಲ್ಲಿ ದೊಡ್ಡ ಪಂದ್ಯಾವಳಿ ನಡೆಯಿತು. ಯಾರು ಬೇಕಾದರೂ ಹೆಸರು ಕೊಡಬಹುದಿತ್ತು. ಊರೂರು ತಿರುಗಿ ಬಹುಮಾನದ ಹಣದ ಮೇಲೆಯೇ ಬದುಕುವ ವೃತ್ತಿಪರ ಆಟಗಾರರೂ ಬಂದಿದ್ದರು, ನಮ್ಮವರಂಥ ಹವ್ಯಾಸಿಗಳೂ ಇದ್ದರು. ನಮ್ಮವರು ಕಚೇರಿಗೆ ರಜೆ ಹಾಕಿ ಆಡಿದರು. ಅದೃಷ್ಟವೋ ಏನೋ, ಒಂದರ ಮೇಲೊಂದು ಗೆದ್ದು ಕೊನೆಯ ಸುತ್ತಿಗೆ, ಮುಂದಿದ್ದವರು ಆಡುವ ಮೇಲಿನ ಮೇಜಿಗೆ ಏರಿದರು. ಎದುರಾಳಿಯಾಗಿ ಬಂದವನು ಬೆಂಗಳೂರಿನ ಮಾಸ್ಟರ್. ಇನ್ನೂ ಮೂವತ್ತು ಆಗಿರದ ಹುಡುಗ, ಆದರೆ ಹೊರದೇಶಗಳಲ್ಲೆಲ್ಲ ಆಡಿ ಬಂದವನು.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಾನೂ ಹೋದೆ. ಹಗ್ಗದ ಈಚೆ ನಿಂತು ನೋಡಿದೆ. ನಮ್ಮವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಬಗ್ಗಿದ್ದರು. ಆ ಹುಡುಗ ಒಂದು ನಡೆ ಇಟ್ಟು ಎದ್ದು ಹೋಗುವನು, ಬೇರೆಯವರ ಆಟ ನೋಡಿಕೊಂಡು ಬರುವನು, ಗೋಡೆಯ ಗಡಿಯಾರ ನೋಡುವನು. ಆಮೇಲೆ ಕುಳಿತು ಏನೋ ಹೇಳಿ ಕೈ ಚಾಚಿದ. ನಮ್ಮವರು ಎರಡೂ ಕೈಯಿಂದ ಆ ಕೈ ಹಿಡಿದುಕೊಂಡರು.

ಹೊರಗೆ ಬಂದವರೇ "ಡ್ರಾ ಕೇಳಿದಾ. ಅವನಾಗೇ ಕೇಳಿದಾ" ಎಂದರು. ಡಬ್ಬಿ ಹಾಗೆಯೇ ಉಳಿಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ವರ್ಷ ಒಳ್ಳೆಯ ದಿನಗಳು. ಆ ಆಟದ ಕೊನೆಯ ಸ್ಥಿತಿಯನ್ನು ಒಂದು ಹಳೆಯ ಹಾಸಿನ ಮೇಲೆ ಜೋಡಿಸಿ ಕಪಾಟಿನ ಮೇಲಿಟ್ಟರು. ನಾನು ಧೂಳು ಒರೆಸುವಾಗ ಒಂದೊಂದು ಕಾಯಿಯನ್ನೂ ಕದಲಿಸದೆ ಅದರ ಸುತ್ತ ಬಟ್ಟೆ ಆಡಿಸಬೇಕಾಗಿತ್ತು. ಅವರು ಕಚೇರಿಯಿಂದ ಬರುವಾಗ ನನಗೆ ಮಲ್ಲಿಗೆ ತರತೊಡಗಿದರು. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದರು. ರವಿವಾರ ಬಂದವರಿಗೆ ಮಾತ್ರ ಹೆಚ್ಚಿನ ಶಿಕ್ಷೆ. ಸೋತದ್ದಲ್ಲದೆ ಆ ಡ್ರಾದ ಕಥೆಯನ್ನೂ ಮೊದಲಿಂದ ಕೇಳಬೇಕಾಗಿತ್ತು.

ಮರುವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಆ ಸಲ ಅಧ್ಯಕ್ಷರು ಸೀರೆ ಅಂಗಡಿಯ ಸಾಹುಕಾರರೇ. ಅದೇ ಬೆಂಗಳೂರಿನ ಮಾಸ್ಟರ್ ಬೇರೊಂದು ಪಂದ್ಯಕ್ಕೆ ಪುಣೆಗೆ ಬಂದಿದ್ದಾನೆ, ಅವನನ್ನು ಅತಿಥಿಯಾಗಿ ಕರೆಸುತ್ತೇವೆ, ಅವನೊಡನೆ ಸಮಸಮ ಆಡಿದ ನಮ್ಮವರಿಗೂ ಅದೇ ವೇದಿಕೆಯಲ್ಲಿ ಸನ್ಮಾನ ಎಂದು ಮನೆಗೆ ಬಂದು ಹೇಳಿದರು. ನಮ್ಮವರು ಹೊಸ ಅಂಗಿ ಹೊಲಿಸಿದರು.

ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಆಮೇಲೆ ಸಾಹುಕಾರರು ಮೈಕಿನ ಮುಂದೆ ನಿಂತು, "ಆ ಆಟ ನಾವ್ಯಾರೂ ನೋಡಿಲ್ಲ. ಇಬ್ಬರೂ ಕೂಡಿ ನಮಗಷ್ಟು ತಿಳಿಸಿ ಹೇಳ್ರಿ" ಎಂದರು. ಗೋಡೆಗೆ ತೂಗುಹಾಕುವ ದೊಡ್ಡ ಚದುರಂಗದ ಪಟ ಮೊದಲೇ ಸಿದ್ಧವಾಗಿತ್ತು.

ಹುಡುಗ ನಮ್ಮವರನ್ನು ನೋಡಿ ಸಂಕೋಚದಿಂದ ನಕ್ಕ. "ಸಾರಿ ಸರ್, ನಾವಿಬ್ರೂ ಆಡಿದ್ವಾ? ನೆನಪಾಗ್ತಿಲ್ಲ."

"ನಾ ತೋರಸ್ತೇನಿ" ಎಂದು ನಮ್ಮವರೇ ಎದ್ದು, ಕೊನೆಯ ಸ್ಥಿತಿಯನ್ನು ಕಣ್ಣು ಮುಚ್ಚಿಯೂ ಜೋಡಿಸಬಲ್ಲವರಂತೆ ಸರಸರ ಪಟದ ಮೇಲೆ ಜೋಡಿಸಿದರು. ಹುಡುಗ ಎರಡು ಉಸಿರಿನಷ್ಟು ಹೊತ್ತು ನೋಡಿದ.

"ಓ, ಇದಾ! ಇದು ನಂಗೆ ವಿನ್ನಿಂಗ್ ಅಲ್ವಾ? ಈ ಆನೆ ಇಲ್ಲಿ ಕೊಟ್ಬಿಡ್ತೀನಿ. ಇವ್ರು ತಗೊಳ್ಳೇಬೇಕು. ಕುದುರೆ ಹೀಗೆ. ಈಗ ರಾಜ ಎಲ್ಲಿಗೆ ಹೋಗ್ತಾನೆ? ಎಲ್ಲೂ ಇಲ್ಲ. ಮುಗೀತು."

ಸಾಹುಕಾರರು ಮೈಕಿಗೆ ಬಾಯಿ ಇಟ್ಟು ಕೇಳಿದರು. "ಮತ್ತ ಡ್ರಾ ಯಾಕ ಕೊಟ್ರಿ?"

"ಅವತ್ತು ಸಂಜೆ ನಂಗೆ ಬೆಂಗಳೂರು ಬಸ್ ಇತ್ತು ಸರ್. ಡ್ರಾ ಆದ್ರೂ ಪ್ರೈಜ್ ಗ್ಯಾರಂಟಿ. ಸುಮ್ನೆ ಕೂತು ಯಾಕೆ ಟೈಮ್ ವೇಸ್ಟ್ ಅಂತ…"

ಮೊದಲು ಯಾರೋ ಒಬ್ಬರು ಕೆಮ್ಮಿದರು. ಆಮೇಲೆ ಇಡೀ ಸಭೆ ನಕ್ಕಿತು. ರವಿವಾರಗಳಂದು ನಮ್ಮ ಮನೆಯ ಚಹಾ ಕುಡಿದವರೆಲ್ಲ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹುಡುಗನಿಗೆ ಏನೂ ಅರ್ಥವಾಗದೆ ಅವನೂ ನಕ್ಕ.

"ಈಗ ಆಡೂಣು ಬರ್ರಿ" ಎಂದರು ನಮ್ಮವರು. ಶಾಲು ಹೆಗಲ ಮೇಲೆ ಹಾಗೆಯೇ ಇತ್ತು.

"ಟೈಮ್ ಇಲ್ಲ ಸರ್" ಎಂದ ಹುಡುಗ, ಆಮೇಲೆ ಸಾಹುಕಾರರ ಮುಖ ನೋಡಿ, "ಸರಿ, ಬೇಗ ಮುಗಿಸೋಣ" ಎಂದು ಕುಳಿತ. ಯಾರೋ ಮೇಜಿನ ಮೇಲೆ ಹಾಸು ಬಿಡಿಸಿ ಕಾಯಿ ಜೋಡಿಸಿದರು. ಕುಳಿತವನು ತನ್ನ ಕಡೆಯ ಒಂದು ಆನೆಯನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಅದೊಂದು ಕಾಯಿ ಇಲ್ಲದೆ ಆಡುತ್ತೇನೆ, ನಿಮಗೆ ಅನುಕೂಲವಾಗಲಿ ಎಂದು ಅದರ ಅರ್ಥ. ಬೇಡವೆನ್ನಲು ನಮ್ಮವರ ಬಾಯಿ ತೆರೆದದ್ದನ್ನು ನಾನು ಕಂಡೆ. ಆಮೇಲೆ ತಲೆ ಹಿಡಿದುಕೊಂಡು ಹಾಸಿನ ಮೇಲೆ ಬಗ್ಗಿದರು. ಹುಡುಗ ಎಡಗೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು, ಚಮಚವನ್ನು ತಟ್ಟೆಯಲ್ಲಿಟ್ಟು ಕಾಯಿ ಸರಿಸಿ, ಮತ್ತೆ ಚಮಚ ಎತ್ತಿಕೊಳ್ಳುತ್ತ ಆಡಿದ. ತಟ್ಟೆ ಖಾಲಿಯಾಗುವ ಮೊದಲೇ ಆಟ ಮುಗಿಯಿತು.

ಸಾಹುಕಾರರು ನಿಧಾನವಾಗಿ ನಡೆದು ಬಂದು ನಮ್ಮವರ ಪಕ್ಕದಲ್ಲಿ ಬಗ್ಗಿದರು. ಮೈಕು ಕೈಯಲ್ಲೇ ಇತ್ತು.

"ಇಲ್ಲಿ ಏನ್ ವಿಚಾರ ಮಾಡಿದ್ರಿ?"

ಆಮೇಲೆ ಯಾವ ರವಿವಾರವೂ ಯಾರೂ ಮೆಟ್ಟಿಲು ಹತ್ತಲಿಲ್ಲ. ನಮ್ಮವರು ಕಾಯಿ ಜೋಡಿಸಿಕೊಂಡು ಬಾಗಿಲ ಕಡೆ ನೋಡುತ್ತ ಕುಳಿತಿರುತ್ತಿದ್ದರು. ಕೊನೆಗೆ ಸಂಜೆ ಕಚೇರಿಯಿಂದ ಬಂದು ನನ್ನನ್ನು ಎದುರಿಗೆ ಕೂರಿಸತೊಡಗಿದರು. ನನಗೆ ಕಾಯಿ ನಡೆಸುವುದಷ್ಟೇ ಗೊತ್ತಿತ್ತು. ಸೋಲಿಸಿ, ಹಿಂದಕ್ಕೆ ಜೋಡಿಸಿ, "ಇಲ್ಲಿ ಏನ್ ವಿಚಾರ ಮಾಡಿದಿ? ಹೇಳು" ಎನ್ನುವರು. "ಅನ್ನ ಸೀಯ್ತದೋ ಏನೋ ಅಂತ ವಿಚಾರ ಮಾಡಿದ್ನಿರಿ" ಎಂದೆ ಒಮ್ಮೆ. ಹಾಸನ್ನು ಕಾಯಿಗಳ ಸಮೇತ ಎತ್ತಿ ನನ್ನ ಮಡಿಲಿಗೆ ಸುರಿದರು. ಮಲ್ಲಿಗೆ ಎಂದೋ ನಿಂತುಹೋಗಿತ್ತು.

ಒಂದು ಮಧ್ಯಾಹ್ನ ಕ್ಯಾಂಪಿನಲ್ಲಿ ಕುಪ್ಪಸದ ಬಟ್ಟೆ ಕೊಳ್ಳಲು ಹೋದವಳು ಸಾಹುಕಾರರ ಅಂಗಡಿಯ ಮುಂದೆ ನಿಂತೆ. ಅವರೇ ಕರೆದು ಕೂರಿಸಿದರು.

"ಬಸ್ಸಿನ ಮಾತು ನನಗ ಮೊದಲ ಗೊತ್ತಿತ್ತು ತಂಗಿ. ಪಂದ್ಯದ ಮಂದಿ ಹೇಳಿದ್ರು. ಅದಕ್ಕ ಅವನ್ನ ಕರಸಿದೆ."

"ನೀವು ಅವರಿಗೆ ಹೊಡದ್ರಿ. ಅವರು ದಿನಾ ಸಂಜೀಕ ನನಗ ಹೊಡೀಲಿಕ್ಕತ್ಯಾರ್ರಿ" ಎಂದೆ.

ಅವರು ಬಟ್ಟೆಯನ್ನು ಗಜಕ್ಕೆ ಹಿಡಿದು ಅಳೆದರು, ಹರಿದರು, ಮಡಿಚಿದರು. "ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲವ್ವಾ" ಎಂದರು. ಅಷ್ಟೇ.

ಆ ಸಂಜೆ ನಾನು ಹಾಸಿನ ಮುಂದೆ ಕೂರಲಿಲ್ಲ. ಕರೆದರು, ಕೂಗಿದರು, ನಾನು ಒಲೆ ಬಿಟ್ಟು ಏಳಲಿಲ್ಲ. ಸ್ವಲ್ಪ ದಿನ ಒಬ್ಬರೇ ಎರಡೂ ಕಡೆ ಆಡಿಕೊಂಡರು, ಆಮೇಲೆ ಅದನ್ನೂ ಬಿಟ್ಟರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಸಾಹುಕಾರರಿಗೆ ಲಕವಾ ಹೊಡೆಯಿತು. ಬಲಗೈ ಸತ್ತಂತಾಗಿ, ಮಾತು ತೊದಲಾಯಿತು. ಸುದ್ದಿ ಕೇಳಿದ ರವಿವಾರ ನಮ್ಮವರು ಕಾಯಿಗಳ ಡಬ್ಬಿ ಬಗಲಲ್ಲಿಟ್ಟುಕೊಂಡು ಹೊರಟರು. ಮಾತಾಡಿಸಲು ಹೊರಟರೇನೋ ಎಂದುಕೊಂಡೆ. ಅವರು ಹೋಗಿ ಮಂಚದ ಪಕ್ಕ ಹಾಸು ಬಿಡಿಸಿ, ಆಡಿ, ಸೋಲಿಸಿ ಬಂದರು. ಮತ್ತೆ ಮುಂದಿನ ರವಿವಾರ. ಮತ್ತೆ ಅದರ ಮುಂದಿನದು.

"ಒಮ್ಮೆರೆ ಸೋಲಬಾರದೇನ್ರಿ? ಹಾಸಿಗಿ ಹಿಡದ ಮನಷ್ಯಾ" ಎಂದೆ.

"ಸೋತರ ಅವಗ ಗೊತ್ತಾಗ್ತದ. ಕೈ ಹೋಗೇದ, ತಲಿ ಹೋಗಿಲ್ಲ" ಎಂದರು.

ಸಾಹುಕಾರರ ಸೊಸೆ ಒಂದು ದಿನ ಬಾಗಿಲಲ್ಲೇ ತಡೆದು, ಆಟವಾದ ಮೇಲೆ ಮಾವ ಉಣ್ಣುವುದಿಲ್ಲ, ರಕ್ತದೊತ್ತಡ ಏರುತ್ತದೆ, ಇನ್ನು ಬರಬೇಡಿ ಎಂದಳಂತೆ. ನಮ್ಮವರು ತಿರುಗಿ ಬಂದರು. ಎರಡು ರವಿವಾರ ಹೋಗಲಿಲ್ಲ. ಮೂರನೆಯದಕ್ಕೆ ಆಕೆಯೇ ನಮ್ಮ ಮೆಟ್ಟಿಲು ಹತ್ತಿ ಬಂದಳು. ಕಣ್ಣು ಊದಿಕೊಂಡಿದ್ದವು.

"ಬರ್ರಿ ಕಾಕಾ. ನೀವು ಬರೂದು ಬಿಟ್ಟ ಮ್ಯಾಲ ತಾಟು ಎತ್ತಿ ಒಗೀತಾರ. ಮುಂಜಾನಿಂದ ದಾಡಿ ಮಾಡಿಸ್ಕೊಂಡು ಕುಂತಾರ."

ನಮ್ಮವರು ಅಂಗಿ ತೊಟ್ಟರು. ಆ ದಿನ ನಾನೂ ಜೊತೆಗೆ ಹೋದೆ. ಸಾಹುಕಾರರನ್ನು ದಿಂಬಿಗೆ ಆನಿಸಿ ಕೂರಿಸಿದ್ದರು. ಎಡಗೈಯಿಂದ ಕಾಯಿ ಸರಿಸಲು ಹೋದರೆ ಬೇರೆ ಕಾಯಿ ಉರುಳುತ್ತಿತ್ತು. ನಮ್ಮವರು ಎತ್ತಿ ನಿಲ್ಲಿಸುತ್ತಿದ್ದರು. ನಿಲ್ಲಿಸಿದ ಕೂಡಲೇ ಅದನ್ನೇ ಹೊಡೆಯುತ್ತಿದ್ದರು. ಸಾಹುಕಾರರ ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಒರೆಸಲು ಬಂದ ಸೊಸೆಯ ಕೈಯನ್ನು ಅವರು ತಳ್ಳಿದರು, ಹಾಸು ಮರೆಯಾಗುತ್ತದೆಂದು.

ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಕಡೆಯವರೆಗೂ ನಮ್ಮವರು ಒಂದು ಆಟವನ್ನೂ ಬಿಟ್ಟುಕೊಡಲಿಲ್ಲ.