ಎನಿಡ್ ಒಮ್ಮೆ ನಿಜ ಹೇಳಿದ್ದು

ಎನಿಡ್ ಥರ್ಟಲ್ ನನ್ನ ಪಕ್ಕದ ಮನೆಯವಳು. ಮೂವತ್ತೊಂದು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಬೇಲಿ, ಅದಕ್ಕೊಂದು ಪುಟ್ಟ ಗೇಟು. ಗೇಟಿನ ಚಿಲಕ ತುಕ್ಕು ಹಿಡಿದು ಯಾವ ಕಾಲವಾಗಿತ್ತೋ, ತೆಗೆಯುವ ಪ್ರಸಂಗವೇ ಬಂದಿರಲಿಲ್ಲ. ಬೆಳಿಗ್ಗೆ ಬಟ್ಟೆ ಒಣಹಾಕುವಾಗ ನಾನು "ಏನೇ ಎನಿಡ್, ಹೇಗಿದ್ದೀಯ?" ಎನ್ನುತ್ತಿದ್ದೆ. ಅವಳು "ಪರವಾಗಿಲ್ಲ ಹಿಲ್ಡಾ, ನಡೀತಿದೆ" ಎನ್ನುತ್ತಿದ್ದಳು. ಆಮೇಲೆ ಮಳೆ ಬಂದೀತೋ ಇಲ್ಲವೋ ಎಂದು ಇಬ್ಬರೂ ಆಕಾಶ ನೋಡಿ ಒಳಗೆ ಹೋಗುತ್ತಿದ್ದೆವು. ಇದನ್ನೇ ನಾನು ಸ್ನೇಹ ಎಂದುಕೊಂಡಿದ್ದೆ. ಈಗ ನನಗೂ ವಯಸ್ಸಾಯಿತು, ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಸುಳ್ಳು ಹೇಳುವ ಉತ್ಸಾಹವೂ ಉಳಿದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಎನಿಡ್ ದೊಡ್ಡ ಹೆಂಗಸೇನಲ್ಲ. ಇಪ್ಪತ್ತೆರಡು ವರ್ಷ ಶಾಲೆಯ ಮುಂದೆ ಕೋಲು ಹಿಡಿದು ನಿಂತು, ಗಾಡಿಗಳನ್ನು ತಡೆದು, ಮಕ್ಕಳನ್ನು ರಸ್ತೆ ದಾಟಿಸಿದವಳು. ಇಂಗ್ಲೆಂಡಿನ ಪೂರ್ವದಂಚಿನ ನಮ್ಮ ಸಫೋಕಿನ ಗಾಳಿ ಎಂದರೆ ಏನೆಂದು ಆ ಮೂಲೆಯಲ್ಲಿ ನಿಂತವರಿಗೇ ಗೊತ್ತು. ಒಳಗೆ ಶಾಲೆಯ ಅಡುಗೆಮನೆಯಲ್ಲಿ ನಾನು ಇನ್ನೂರು ಮಕ್ಕಳಿಗೆ ಆಲೂಗೆಡ್ಡೆ ಬೇಯಿಸುತ್ತಾ ಬೆಚ್ಚಗಿರುತ್ತಿದ್ದೆ. ಕಿಟಕಿಯಾಚೆ ಅವಳ ಮೂಗು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿರುತ್ತಿತ್ತು. "ಒಳಗೆ ಬಾರೇ, ಚಹಾ ಕುಡಿ" ಎಂದರೆ "ಬೇಡ ಬೇಡ, ನಿನಗ್ಯಾಕೆ ತೊಂದರೆ" ಎನ್ನುತ್ತಿದ್ದಳು. ಎರಡನೇ ಸಲ ಕರೆದರೂ ಬೇಡ. ಮೂರನೇ ಸಲ ಕರೆದರೆ ಬರುತ್ತಿದ್ದಳೋ ಏನೋ, ನಾನು ಕರೆಯಲಿಲ್ಲ.

ಅವಳ ಗಂಡ ವಿಲ್ಫ್ ಟ್ರಾಕ್ಟರ್ ಓಡಿಸುತ್ತಿದ್ದ. ಮಾತು ಕಮ್ಮಿ, ಕೈ ಮಾತ್ರ ಸಲಿಕೆಯಷ್ಟು ಅಗಲ. ಮಕ್ಕಳಿರಲಿಲ್ಲ. ತೊಂಬತ್ತೊಂದನೇ ಇಸವಿ ಜನವರಿಯಲ್ಲಿ ಹೊಲದಲ್ಲೇ ಕುಸಿದು ಬಿದ್ದ. ಪಾರ್ಶ್ವವಾಯು, ಬಲಭಾಗ ಪೂರ್ತಿ ಹೋಯಿತು. ಬಾಯಲ್ಲಿ ಉಳಿದದ್ದು "ಸರಿ ಸರಿ" ಎಂಬ ಒಂದೇ ಮಾತು. ನೋವಾದರೂ ಸರಿ ಸರಿ, ಹಸಿವಾದರೂ ಸರಿ ಸರಿ. ಆಸ್ಪತ್ರೆಯಿಂದ ಕಳಿಸುವಾಗ ವೈದ್ಯರು ಅವನನ್ನು ಪಟ್ಟಣದ ವೃದ್ಧರ ನಿಲಯಕ್ಕೆ ಸೇರಿಸುವ ಮಾತೆತ್ತಿದರಂತೆ. ವಿಲ್ಫ್ ಇನ್ನೂ ಆಡುತ್ತಿದ್ದ ಎಡಗೈಯಿಂದ ಎನಿಡಳ ಕೋಟಿನ ತುದಿ ಹಿಡಿದವನು ಮನೆ ಮುಟ್ಟುವವರೆಗೂ ಬಿಡಲಿಲ್ಲ. ಅವತ್ತೇ ಅವಳು ಅವನಿಗೆ ಮಾತು ಕೊಟ್ಟಳು: ಸಾಯುವವರೆಗೂ ಇದೇ ಮನೆ.

ಅದೇ ವಸಂತದಲ್ಲಿ ಎದುರು ಮನೆಗೆ ಅಮೆರಿಕದವರು ಬಾಡಿಗೆಗೆ ಬಂದರು.

ನಮ್ಮೂರಿಗೆ ಅಮೆರಿಕದವರೇನು ಹೊಸಬರಲ್ಲ. ಊರಾಚೆ ಅವರ ವಿಮಾನದ ನೆಲೆ ಇತ್ತು. ನಾನು ಚಿಕ್ಕವಳಿದ್ದಾಗಿನಿಂದಲೂ ತಲೆಯ ಮೇಲೆ ಅವರ ವಿಮಾನಗಳೇ. ಎರಡನೇ ಮಹಾಯುದ್ಧದಲ್ಲಿ ನಮ್ಮ ಪರ ಬಂದರು, ಹೌದು, ತಡವಾಗಿ ಬಂದರು, ಬಂದಮೇಲೆ ಎಲ್ಲ ತಾವೇ ಗೆದ್ದ ಹಾಗೆ ಮಾತಾಡಿದರು. ನಮ್ಮಮ್ಮ ಹೀಗನ್ನುತ್ತಿದ್ದಳು, ನಾವೂ ಹೀಗೇ ಅಂದೆವು. ಅವರ ಕಾರು ನಮ್ಮ ಓಣಿಯಲ್ಲಿ ಹಿಡಿಸುವುದಿಲ್ಲ, ಅವರ ದನಿ ಯಾವ ಕೋಣೆಯಲ್ಲೂ ಹಿಡಿಸುವುದಿಲ್ಲ. ಹಲ್ಲು ಅಷ್ಟು ಬೆಳ್ಳಗಿದ್ದರೆ ಅದು ದೇವರು ಕೊಟ್ಟದ್ದಲ್ಲ. ಅಂಗಡಿಯಲ್ಲಿ ಪರಿಚಯವಿಲ್ಲದವರಿಗೂ "ನಿಮ್ಮ ದಿನ ಚೆನ್ನಾಗಿರಲಿ" ಎನ್ನುತ್ತಾರೆ. ನನ್ನ ದಿನ ಇವರಿಗ್ಯಾಕೆ? ಅತಿ ವಿನಯ ಧೂರ್ತ ಲಕ್ಷಣ. ಇದು ನಮ್ಮೂರಿನ ತೀರ್ಮಾನವಾಗಿತ್ತು, ಮರುವಿಚಾರಣೆ ಇರಲಿಲ್ಲ.

ಬಂದವಳ ಹೆಸರು ಡಾರ್ಲಾ. ಇಪ್ಪತ್ತಾರರ ಹುಡುಗಿ, ಗಂಡ ನೆಲೆಯಲ್ಲಿ ವಿಮಾನ ರಿಪೇರಿ ಮಾಡುವವನು. ಬಂದ ಮೂರನೇ ದಿನವೇ ತಗಡಿನ ತಟ್ಟೆಯಲ್ಲಿ ಏನೋ ಬೇಯಿಸಿಕೊಂಡು, ಅದರ ಮೇಲೆ ಒಂದಂಗುಲ ಚೀಸ್ ಸುರಿದುಕೊಂಡು, ಎನಿಡಳ ಬಾಗಿಲು ತಟ್ಟಿದಳು. ಬೇಲಿಯ ಈಚೆ ನಾನು ಬಟ್ಟೆ ಮಡಿಸುತ್ತಾ ನಿಂತಿದ್ದೆ. ಮಡಿಸಿದ್ದನ್ನೇ ಮತ್ತೆ ಮಡಿಸಿದೆ.

"ಹಾಯ್ ಎನಿಡ್! ನಾನು ಡಾರ್ಲಾ. ನಿಮ್ಮ ಯಜಮಾನರಿಗೆ ಹುಷಾರಿಲ್ಲ ಅಂತ ಗೊತ್ತಾಯ್ತು. ಹೇಗಿದ್ದೀರಿ ನೀವು?"

"ಪರವಾಗಿಲ್ಲಮ್ಮ, ನಡೀತಿದೆ."

"ಅಲ್ಲಲ್ಲ, ನಿಜವಾಗಿ ಹೇಗಿದ್ದೀರಿ?"

ಎನಿಡ್ ಅವಳ ಕೈಯಿಂದ ತಟ್ಟೆ ತೆಗೆದುಕೊಂಡಳು. ನಮ್ಮಲ್ಲಿ ಆ ಪ್ರಶ್ನೆಯನ್ನು ಯಾರೂ ಎರಡು ಸಲ ಕೇಳುವುದಿಲ್ಲ. ಹುಡುಗಿ ಹೋದಮೇಲೆ ಎನಿಡ್ ಬೇಲಿಯ ಹತ್ತಿರ ಬಂದಳು.

"ನೋಡಿದ್ಯೇನೇ? ಬಂದು ಮೂರು ದಿನ ಆಗಿಲ್ಲ, ಹೆಸರು ಹಿಡಿದು ಕರೀತಾಳೆ. ಮಿಸೆಸ್ ಥರ್ಟಲ್ ಅನ್ನೋಕೆ ಬಾಯಿ ನೋವಾ?"

"ಅವರೇ ಹಾಗೆ ಬಿಡೇ. ನಾಳೆ ಮರೆತೂಬಿಡ್ತಾಳೆ."

ಮರೆಯಲಿಲ್ಲ. ವಾರಕ್ಕೆರಡು ಸಲ ಬಂದಳು. ಕರೆಯದೆ ಬಂದಳು. ವಿಲ್ಫ್ ಪಕ್ಕದಲ್ಲಿ ಕೂತು ತನ್ನೂರಿನ ಜೋಳದ ಹೊಲಗಳ ಕತೆ ಹೇಳಿದಳು. ಅವನು ಸರಿ ಸರಿ ಎಂದ. ಎನಿಡ್ ಅವಳಿಗೆ ಯಾವಾಗಲೂ ಚಿನ್ನದಂಚಿನ ಒಳ್ಳೆಯ ಕಪ್ಪಿನಲ್ಲೇ ಚಹಾ ಕೊಟ್ಟಳು. ಹೊರಗಿನವರಿಗೆ ಕೊಡುವ ಕಪ್ಪು ಅದು. ಹುಡುಗಿ ಅದನ್ನು ಗೌರವ ಎಂದುಕೊಂಡು ಹಿಗ್ಗಿದಳು.

ಬೇಸಿಗೆ ಕಳೆಯುವ ಹೊತ್ತಿಗೆ ಎನಿಡ್ ಅರ್ಧವಾಗಿದ್ದಳು. ವಿಲ್ಫನನ್ನು ಹಾಸಿಗೆಯಿಂದ ಎತ್ತುವುದು, ತೊಳೆಯುವುದು, ಮತ್ತೆ ಮಲಗಿಸುವುದು ಎಲ್ಲ ಒಬ್ಬಳೇ. ಅವನು ಎಂಬತ್ತೈದು ಕಿಲೋ, ಇವಳು ಐವತ್ತೂ ಇಲ್ಲ. ಅವನು ಕೂಗಿದರೆ ಕೇಳಿಸಲಿ ಎಂದು ರಾತ್ರಿಯೆಲ್ಲ ಕುರ್ಚಿಯಲ್ಲೇ ಮಲಗುತ್ತಿದ್ದಳು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡು ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳು, ಎಲ್ಲ ಕೇಳಿಸುತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಎಲ್ಲರೂ "ಏನಾದ್ರೂ ಬೇಕಿದ್ರೆ ಹೇಳು ಎನಿಡ್" ಎನ್ನುತ್ತಿದ್ದೆವು. ಅವಳು "ಖಂಡಿತ ಹೇಳ್ತೀನಿ" ಎನ್ನುತ್ತಿದ್ದಳು. ಇದೊಂದು ಒಪ್ಪಂದ. ಕೇಳಿದವರ ಕರ್ತವ್ಯ ಮುಗಿಯಿತು, ಬೇಡ ಎಂದವರ ಮಾನ ಉಳಿಯಿತು.

ವೈದ್ಯರೇ ಕೊನೆಗೆ ಸರ್ಕಾರದ ಕಲ್ಯಾಣ ಕಚೇರಿಗೆ ಬರೆದರು. ಮನೆಗೆ ಸಹಾಯದವರನ್ನು ಕಳಿಸಬೇಕೋ ಬೇಡವೋ ಎಂದು ನೋಡಲು ನವೆಂಬರಿನಲ್ಲಿ ಒಬ್ಬ ಹೆಂಗಸು ಬರುತ್ತಾರೆಂದು ಕಾಗದ ಬಂತು. ಅದನ್ನು ಓದಿದ ಎನಿಡ್ ಬೇಲಿಯ ಹತ್ತಿರ ಓಡಿಬಂದಳು.

"ಕೈಲಾಗ್ತಿಲ್ಲ ಅಂತ ಗೊತ್ತಾದ್ರೆ ಅವನನ್ನ ಎತ್ತಿಕೊಂಡು ಹೋಗ್ತಾರೆ ಕಣೇ ಹಿಲ್ಡಾ. ನಾನು ಮಾತು ಕೊಟ್ಟಿದ್ದೀನಿ."

ಆಮೇಲೆ ಅವಳು ಮಾಡಿದ್ದನ್ನು ನಮ್ಮೂರಿನ ಯಾವ ಹೆಂಗಸಾದರೂ ಮಾಡುತ್ತಿದ್ದಳು. ಎರಡು ದಿನ ಮಂಡಿಯೂರಿ ಮನೆಯ ನೆಲ ತಿಕ್ಕಿದಳು. ಪರದೆ ಒಗೆದು ಇಸ್ತ್ರಿ ಮಾಡಿದಳು. ತಾನು ಮಲಗುವ ಕುರ್ಚಿಯ ಕಂಬಳಿಯನ್ನು ಬೀರುವಿನಲ್ಲಿ ಬಚ್ಚಿಟ್ಟಳು. ಕೇಕ್ ಬೇಯಿಸಿದಳು. ವಿಲ್ಫನಿಗೆ ಟೈ ಕಟ್ಟಿದಳು. ಎಷ್ಟು ಕಷ್ಟದಲ್ಲಿದ್ದೇವೆಂದು ನೋಡಲು ಬರುವವರಿಗಾಗಿ ಮನೆ ಮದುವೆಮನೆಯ ಹಾಗಾಯಿತು. ಜೊತೆಗಿರಲಿ ಎಂದು ನನ್ನನ್ನೂ ಕರೆದಳು. ಡಾರ್ಲಾಳನ್ನು ಕರೆದಿರಲಿಲ್ಲ, ಅವಳು ಎಂದಿನಂತೆ ತಾನೇ ಬಂದಳು.

ಬಂದ ಹೆಂಗಸಿನ ಹೆಸರು ಮಿಸ್ ಪಾರ್ಜೆಟರ್. ಮೃದು ಸ್ವಭಾವದವರು, ಕೈಯಲ್ಲೊಂದು ಕಡತ.

"ಹಾಸಿಗೆಯಿಂದ ಎತ್ತೋದು ಕಷ್ಟ ಆಗತ್ತಾ ಮಿಸೆಸ್ ಥರ್ಟಲ್?"

"ಹಾಗೇನಿಲ್ಲ. ಅಭ್ಯಾಸ ಆಗಿದೆ."

"ರಾತ್ರಿ ನಿದ್ದೆ?"

"ಬರತ್ತೆ, ಬರತ್ತೆ. ಇನ್ನೊಂದು ಚೂರು ಕೇಕ್ ತಗೊಳ್ಳಿ."

"ಹಾಗಾದ್ರೆ ಸದ್ಯಕ್ಕೆ ಸಹಾಯ ಬೇಡ ಅಂತ ಬರ್ಕೊಳ್ಳಲಾ?"

"ನಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದ್ದಾರೆ. ಅವರಿಗೆ ಕೊಡಿ."

ಮಿಸ್ ಪಾರ್ಜೆಟರ್ ಪೆನ್ನು ತೆಗೆದರು. ನಾನು ಕೇಕಿನಲ್ಲಿದ್ದ ದ್ರಾಕ್ಷಿ ಎಣಿಸುತ್ತಿದ್ದೆ. ಇನ್ನೊಬ್ಬರ ಮನೆಯಲ್ಲಿ ಕೂತು ಆ ಮನೆಯವಳ ಮಾತಿಗೆ ಅಡ್ಡ ಬರುವುದು ನಮ್ಮಲ್ಲಿಲ್ಲ.

"ಸುಳ್ಳು" ಎಂದಳು ಡಾರ್ಲಾ.

ಮಿಸ್ ಪಾರ್ಜೆಟರ್ ಪೆನ್ನು ಕೆಳಗಿಟ್ಟರು.

"ಕ್ಷಮಿಸಿ ಮೇಡಂ, ಇದೆಲ್ಲ ಸುಳ್ಳು. ಇವರು ಎಂಟು ತಿಂಗಳಿಂದ ಆ ಕುರ್ಚಿಯಲ್ಲಿ ಮಲಗ್ತಿದ್ದಾರೆ. ಬೆನ್ನು ಬಗ್ಗಿಸಿದ್ರೆ ಎದ್ದೇಳೋಕಾಗಲ್ಲ. ಹೋದ ವಾರ ಇಬ್ಬರೂ ಬಿದ್ದು ಒಂದು ಗಂಟೆ ನೆಲದ ಮೇಲಿದ್ದರು, ನಾನು ಬಂದು ಎತ್ತಿದೆ. ಆ ಬೀರು ತೆಗೆದು ನೋಡಿ, ಕಂಬಳಿ ಅಲ್ಲಿದೆ. ಎನಿಡ್, ಚಿನ್ನ, ಹೇಳಿಬಿಡಿ."

ಎನಿಡ್ ಎದ್ದು ನಿಂತಳು.

"ನಿಮ್ಮ ದೇಶದಲ್ಲಿ ಹೀಗೇನಾ? ಕಂಡವರ ಮನೆಗೆ ನುಗ್ಗಿ ಅವರ ಮಾನ ತೆಗೆಯೋದು? ನಡಿ ಆಚೆಗೆ. ಇನ್ನು ಈ ಹೊಸಿಲು ತುಳೀಬೇಡ."

ಡಾರ್ಲಾ ಅಳುತ್ತಾ ಹೋದಳು. ಅಳುವಾಗಲೂ ಅವರದು ದೊಡ್ಡ ದನಿಯೇ. ಮಿಸ್ ಪಾರ್ಜೆಟರ್ ನನ್ನ ಕಡೆ ತಿರುಗಿ "ಹೌದಾ?" ಎಂದರು. ನಾನು ಹೂಂ ಎನ್ನದೆ, ಉಹೂಂ ಎನ್ನದೆ, "ಚಹಾ ಆರಿಹೋಯ್ತು ನೋಡಿ" ಎಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಮುಂದಿನ ಹತ್ತು ದಿನ ಎನಿಡ್ ಗಾಡಿಯ ಸದ್ದಾದರೆ ಸಾಕು, ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು, ವಿಲ್ಫನನ್ನು ಕರೆದೊಯ್ಯಲು ಬಂದರೆಂದು. ಹನ್ನೊಂದನೇ ದಿನ ಬಂದದ್ದು ಕಾಗದ. ಬೆಳಿಗ್ಗೆ ಸಂಜೆ ಇಬ್ಬಿಬ್ಬರು ಸಹಾಯಕಿಯರು, ಎತ್ತಲು ಒಂದು ಯಂತ್ರ. ವಿಲ್ಫ್ ಮನೆಯಲ್ಲೇ ಇರುತ್ತಾನೆ. ಎರಡು ವರ್ಷದ ಮೇಲೆ ಅವನು ಕಣ್ಣು ಮುಚ್ಚಿದ್ದೂ ಅದೇ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ. ಎನಿಡ್ ಕೊಟ್ಟ ಮಾತು ಉಳಿಸಿಕೊಂಡಳು. ಉಳಿಸಿಕೊಟ್ಟವಳು ಯಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು, ಬಾಯಿ ಮಾತ್ರ ಬಿಡಲಿಲ್ಲ.

ಕ್ಷಮಿಸು ಎನ್ನುವುದು ಎನಿಡಳಿಗೆ ಬರುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಮೊದಲು ಒಂದು ಮುಂಜಾನೆ ತಾನು ಮಾಡಿದ ಪ್ಲಮ್ ಜಾಮಿನ ಸೀಸೆಯನ್ನು ಡಾರ್ಲಾಳ ಮೆಟ್ಟಿಲ ಮೇಲಿಟ್ಟು ಬಂದಳು. ಚೀಟಿ ಇಲ್ಲ, ಹೆಸರಿಲ್ಲ. ನಮ್ಮವರಾಗಿದ್ದರೆ ಅರ್ಥವಾಗುತ್ತಿತ್ತು. ಆ ಹುಡುಗಿ ಸೀಸೆ ಹಿಡಿದು ಮನೆಮನೆ ಅಲೆದಳು. "ಯಾರೋ ಪಾಪ ಜಾಮ್ ಮರೆತು ಹೋಗಿದ್ದಾರೆ, ನಿಮ್ಮದಾ?" ನನ್ನ ಬಾಗಿಲಿಗೂ ಬಂದಳು. ಮುಚ್ಚಳದ ಮೇಲಿನ ಚೌಕಳಿ ಬಟ್ಟೆ ಎನಿಡಳ ಹಳೆಯ ಲಂಗದ್ದೆಂದು ನನಗೆ ಗೊತ್ತು. "ಗೊತ್ತಿಲ್ಲಮ್ಮ" ಎಂದೆ. ಅದೊಂದು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಕೊನೆಗೆ ಚರ್ಚಿನ ಬಡವರ ಬುಟ್ಟಿಗೆ ಹಾಕಿದಳು. ತನ್ನ ಕ್ಷಮೆ ಆ ಬುಟ್ಟಿಯಲ್ಲಿ ಕೂತದ್ದನ್ನು ಎನಿಡ್ ಭಾನುವಾರ ಕಂಡಳು.

ತೊಂಬತ್ತೆರಡರ ಬೇಸಿಗೆಯಲ್ಲಿ, ವಿಲ್ಫ್ ಇನ್ನೂ ಇದ್ದಾಗಲೇ, ನೆಲೆ ಮುಚ್ಚತೊಡಗಿತು. ಅಮೆರಿಕದವರು ಒಬ್ಬೊಬ್ಬರಾಗಿ ಹೊರಟರು. ಹೊರಡುವ ದಿನ ಮಧ್ಯಾಹ್ನ ಡಾರ್ಲಾ ರಸ್ತೆ ದಾಟಿ ಬಂದು, ಹೊಸಿಲು ತುಳಿಯದೆ, ಎನಿಡಳ ಮೆಟ್ಟಿಲ ಕೆಳಗೇ ನಿಂತಳು. ನಾನು ಬೇಲಿಯ ಈಚೆ ಇದ್ದೆ. ಇನ್ನೆಲ್ಲಿರುತ್ತೇನೆ?

"ಹೋಗಿಬರ್ತೀನಿ ಎನಿಡ್. ಕೋಪ ಇನ್ನೂ ಇರಬಹುದು. ಆದ್ರೂ ಕೇಳ್ತೀನಿ. ಹೇಗಿದ್ದೀರಿ?"

ಎನಿಡ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಪರವಾಗಿಲ್ಲ ಎಂಬ ಮಾತಿಗೆ ಅವಳ ತುಟಿ ಆಗಲೇ ಸಿದ್ಧವಾಗಿತ್ತು, ಬೇಲಿಯಾಚೆಯಿಂದಲೇ ಕಂಡೆ.

"ಸಾಕಾಗಿದೆ ಮಗಳೇ" ಎಂದಳು. "ತುಂಬಾ ಸಾಕಾಗಿದೆ. ಬೆಳಿಗ್ಗೆ ಸಂಜೆ ಸಹಾಯದವರು ಬರ್ತಾರೆ, ರಾತ್ರಿ ಮಾತ್ರ ನಿದ್ದೆ ಇಲ್ಲ. ಮಧ್ಯಾಹ್ನ ಅವನ ಬಿಟ್ಟು ಕಣ್ಣು ಮುಚ್ಚೋಕೆ ಭಯ. ಒಂದು ಗಂಟೆ ಮಲಗಬೇಕು ಅನ್ಸತ್ತೆ. ಒಂದೇ ಒಂದು ಗಂಟೆ."

ಡಾರ್ಲಾ ಮೆಟ್ಟಿಲು ಹತ್ತಿ ಅವಳನ್ನು ತಬ್ಬಿಕೊಂಡಳು. ಎನಿಡ್ ಮೊದಲು ಕಸಬರಿಗೆ ಕಡ್ಡಿಯ ಹಾಗೆ ಸೆಟೆದು ನಿಂತಿದ್ದಳು. ಆಮೇಲೆ ಅವಳ ತಲೆ ಆ ಹುಡುಗಿಯ ಹೆಗಲ ಮೇಲೆ ಬಿತ್ತು. ನಡುರಸ್ತೆಗೆ ಕಾಣುವ ಹಾಗೆ, ಹಾಡಹಗಲಲ್ಲಿ, ಎನಿಡ್ ಥರ್ಟಲ್ ಬಿಕ್ಕಿಬಿಕ್ಕಿ ಅತ್ತಳು.

ನನಗೆ ಹೊಟ್ಟೆಕಿಚ್ಚಾಯಿತು. ಮೂವತ್ತೊಂದು ವರ್ಷ ದಿನಾ ಕೇಳಿದವಳು ನಾನು. ಒಂದೂಕಾಲು ವರ್ಷದ ಹಿಂದೆ ಬಂದವಳಿಗೆ ಹೇಳಿದಳಲ್ಲ! ಸಂಜೆಯವರೆಗೂ ಉರಿದೆ. ನಾನು ಒಂದು ದಿನವಾದರೂ ಉತ್ತರಕ್ಕೆಂದು ಕೇಳಿದ್ದೆನೇ ಎಂದು ಹೊಳೆದದ್ದು ಆಮೇಲೆ.

ಮಾರನೆಯ ಬೆಳಿಗ್ಗೆ ಎನಿಡ್ ಬಟ್ಟೆ ಒಣಹಾಕುತ್ತಿದ್ದಳು. ಎದುರು ಮನೆಯ ಕಿಟಕಿಗೆ ಪರದೆ ಇರಲಿಲ್ಲ.

"ಏನೇ ಎನಿಡ್, ಹೇಗಿದ್ದೀಯ?"

"ಪರವಾಗಿಲ್ಲ ಹಿಲ್ಡಾ, ನಡೀತಿದೆ."

"ಸುಳ್ಳು" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಗೇಟಿನ ಚಿಲಕ ಬರಲಿಲ್ಲ. ಕಾಲಿಂದ ಒದ್ದೆ, ಎರಡನೇ ಒದೆಗೆ ತೆರೆದುಕೊಂಡಿತು. ಎನಿಡ್ ಕೈಯಲ್ಲಿ ಒದ್ದೆ ದಿಂಬಿನ ಚೀಲ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಏನಾಯ್ತೇ ನಿನಗೆ? ನೀನೂ ಅಮೆರಿಕದವಳಾದ್ಯಾ?"

"ಹೂಂ, ಏನೀಗ? ವಿಲ್ಫ್ ಹತ್ರ ನಾನು ಕೂತ್ಕೋತೀನಿ. ನೀನು ಮೇಲೆ ಹೋಗಿ ಮಲಕ್ಕೋ."

"ಬೇಡ ಬೇಡ, ನಿನಗ್ಯಾಕೆ ತೊಂದರೆ."

"ಮಲಕ್ಕೋ ಅಂದೆ."

"ಬೇಡ ಹಿಲ್ಡಾ..."

"ಎನಿಡ್, ಮಲಕ್ಕೋ."

ಮೂರನೇ ಸಲಕ್ಕೆ ಅವಳು ದಿಂಬಿನ ಚೀಲವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮಧ್ಯಾಹ್ನ ಮೂರು ಗಂಟೆಯವರೆಗೆ ಏಳಲಿಲ್ಲ.