ಎರಡು ಡ್ರೈವ್, ಮೂರು ಸರ್ವರ್, ಮಕ್ಬೂಲ್ ಚಾಚಾ ಅವರ ಬಿಲ್ಲೆ

೨೦೦೪ರಲ್ಲಿ ನಾನು ಹುಮನಾಬಾದಿನ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಬ್ಯಾಕಪ್ ಎಂಜಿನಿಯರ್ ಆಗಿದ್ದೆ. ನಿಜಾಮರ ಕಾಲದ ಜಮೀನು ದಾಖಲೆಗಳನ್ನು ಸ್ಕ್ಯಾನ್ ಮಾಡಿ, ಚಿತ್ರಗಳನ್ನು ಟೇಪಿನ ಮೇಲೆ ಬರೆದಿಡುವ ಗುತ್ತಿಗೆ ನಮ್ಮ ಕಂಪನಿಯದು. ಊರಲ್ಲಿ ನನಗೆ ‘ಟೇಪ್ ಮೇಡಂ’ ಎಂದೇ ಹೆಸರು. ಮಾಣಿಕನಗರದ ಆಟೋದವನೊಬ್ಬ ಹಾಡಿನ ಕ್ಯಾಸೆಟ್ ಕೇಳಿಕೊಂಡು ಬಾಗಿಲಿಗೇ ಬಂದಿದ್ದ.

ನನ್ನ ಸುಪರ್ದಿಯಲ್ಲಿದ್ದದ್ದು ಟೇಪ್ ಲೈಬ್ರರಿ, ಅಂದರೆ ಫ್ರಿಜ್ಜಿನಷ್ಟು ಎತ್ತರದ ಒಂದು ಪೆಟ್ಟಿಗೆ. ಒಳಗೆ ನಲವತ್ತು ಟೇಪುಗಳು, ಅವನ್ನು ಎತ್ತಿ ಇಡುವ ಒಂದು ಯಾಂತ್ರಿಕ ಕೈ, ಟೇಪಿನ ಮೇಲೆ ಬರೆಯುವ ಎರಡು ಡ್ರೈವ್. ಅದರ ಪಕ್ಕದಲ್ಲಿ ಮೂರು ಸರ್ವರ್: ಬಸವಕಲ್ಯಾಣದ ಚಿತ್ರಗಳಿಗೊಂದು, ಹುಮನಾಬಾದಿನ ಚಿತ್ರಗಳಿಗೊಂದು, ಸೂಚಿಗೊಂದು. ಸೂಚಿ ಎಂದರೆ ಯಾವ ಹಾಳೆ ಯಾವ ಊರಿನದು, ಯಾವ ಸರ್ವೆ ನಂಬರಿನದು ಎಂಬ ಪಟ್ಟಿ.

ಬಸವಕಲ್ಯಾಣದಲ್ಲಿ ಆ ಸೂಚಿ ನಿಂತದ್ದು ಒಬ್ಬರೇ ಒಬ್ಬರ ಕಣ್ಣಿನ ಮೇಲೆ. ದಾಖಲೆ ಕೋಣೆಯ ಹಿರಿಯ ಗುಮಾಸ್ತ ಮಕ್ಬೂಲ್ ಚಾಚಾ. ಚುಕ್ಕೆ ಬಿಟ್ಟು ಗಡಿಬಿಡಿಯಲ್ಲಿ ಬರೆದ ಹಳೆಯ ಉರ್ದು ಕೂಡುಬರಹವನ್ನು ಸರಾಗವಾಗಿ ಓದುವವರು ಅಲ್ಲಿ ಉಳಿದಿದ್ದದ್ದು ಅವರೊಬ್ಬರೇ. ಹಾಳೆಗಳು ಎರಡನೇ ಸಲ ಬಿಚ್ಚಿದರೆ ಪುಡಿಯಾಗುವ ಸ್ಥಿತಿಯಲ್ಲಿದ್ದವು. ಆದ್ದರಿಂದ ಬಸ್ತಾ, ಅಂದರೆ ಕೆಂಪು ಬಟ್ಟೆಯ ಕಟ್ಟು, ಬಿಚ್ಚಿದ ಹೊತ್ತಿಗೇ ಸ್ಕ್ಯಾನೂ ಆಗಬೇಕು, ಚಾಚಾ ಓದಿ ಹೇಳಿದ್ದು ಟೈಪೂ ಆಗಬೇಕು. ಅವರ ನಿವೃತ್ತಿ ಜುಲೈ ೩೧ಕ್ಕೆ. ಹನ್ನೆರಡನೇ ತಾರೀಖು ಸೋಮವಾರದ ಹೊತ್ತಿಗೆ ೧೨೦ ಬಸ್ತಾ ಉಳಿದಿದ್ದವು. ದಿನಕ್ಕೆ ಎಂಟರಂತೆ ಹದಿನೈದು ದಿನದ ಕೆಲಸ. ಕೈಯಲ್ಲಿದ್ದದ್ದು ಹದಿನೇಳು ಕೆಲಸದ ದಿನ.

ಅದೇ ಸೋಮವಾರ ಕೆಲಸ ನಿಂತಿತು. ಬಸವಕಲ್ಯಾಣದಲ್ಲಿ ತೆಗೆದ ಚಿತ್ರಗಳು ಹಾರ್ಡ್ ಡಿಸ್ಕಿನಲ್ಲಿ ಜೀಪಿನ ಮೇಲೆ ನಮ್ಮಲ್ಲಿಗೆ ಬರುತ್ತಿದ್ದವು. ಎರಡು ಟೇಪಿಗೆ ಬರೆದು ತಾಳೆ ನೋಡುವವರೆಗೆ ಡಿಸ್ಕನ್ನು ಅಳಿಸಿ ವಾಪಸ್ ಕಳಿಸುವಂತಿಲ್ಲ. ಇದ್ದ ಆರು ಡಿಸ್ಕೂ ನನ್ನ ಮೇಜಿನ ಮೇಲೆ ಸಿಕ್ಕಿಬಿದ್ದಿದ್ದವು. ಚಾಚಾ ಫೋನ್ ಮಾಡಿದರು.

“ಬೇಟಿ, ಖಾಲಿ ಡಿಸ್ಕ್ ಇಲ್ಲಂತ ಹೇಳಾಕತ್ತಾರ. ನಾ ಇಲ್ಲಿ ಸುಮ್ನ ಕುಂತೀನಿ. ನಾ ಹೋದ ಮ್ಯಾಲ ಇದನ್ನ ಯಾರ್ ಓದ್ತಾರ?”

ತಪ್ಪು ನನ್ನ ಕಣ್ಣೆದುರೇ ಇತ್ತು. ಒಂದು ಡ್ರೈವನ್ನು ಬಸವಕಲ್ಯಾಣದ ಸರ್ವರಿಗೆ, ಇನ್ನೊಂದನ್ನು ಹುಮನಾಬಾದ್ ಮತ್ತು ಸೂಚಿಗೆ ಎಂದು ಮೊದಲೇ ಕಟ್ಟಿಹಾಕಿದ್ದೆವು. ಎರಡನೆಯದು ಬೆಳಿಗ್ಗೆ ಹನ್ನೊಂದಕ್ಕೇ ಕೆಲಸ ಮುಗಿಸಿ ಆರಾಮಾಗಿ ಕೂರುತ್ತಿತ್ತು. ಮೊದಲನೆಯದಕ್ಕೆ ಉಸಿರಾಡಲೂ ಪುರಸೊತ್ತಿಲ್ಲ. ಮಂಗಳವಾರ ನಾನು ಕೇಬಲ್ ಬದಲಿಸಿ ಎರಡೂ ಡ್ರೈವ್ ಮೂರೂ ಸರ್ವರಿಗೆ ಕಾಣುವಂತೆ ಮಾಡಿದೆ. ಖಾಲಿ ಇದ್ದದ್ದನ್ನು ಯಾರು ಬೇಕಾದರೂ ಹಿಡಿಯಲಿ ಎಂಬುದು ನನ್ನ ಲೆಕ್ಕ.

ಬುಧವಾರ ಮಧ್ಯಾಹ್ನ ಸೂಚಿಯ ಸರ್ವರನ್ನು ಒಮ್ಮೆ ಆರಿಸಿ ಹಚ್ಚಿದೆ. ಅದು ಏಳುತ್ತಲೇ ಕಣ್ಣಿಗೆ ಬಿದ್ದ ಎರಡೂ ಡ್ರೈವಿಗೆ ರೀಸೆಟ್, ಅಂದರೆ ಮೊದಲಿನಿಂದ ಶುರುಮಾಡು ಎಂಬ ಆಜ್ಞೆ ಕಳಿಸಿತು. ಬಸವಕಲ್ಯಾಣದ ಚಿತ್ರಗಳನ್ನು ಬರೆಯುತ್ತಿದ್ದ ಟೇಪು ಮೊದಲಿಗೆ ಸುತ್ತಿಕೊಂಡು, ಬರೆದದ್ದರ ಮೇಲೆಯೇ ಮತ್ತೆ ಬರೆಯತೊಡಗಿತು. ತಾಳೆ ನೋಡುವಾಗ ಗೊತ್ತಾಯಿತು. ಡಿಸ್ಕ್ ಅಳಿಸಿರಲಿಲ್ಲ, ಬಚಾವಾದೆವು. ಮ್ಯಾನೇಜರ್ ಕುಲಕರ್ಣಿ ಸರ್ ಕಡ್ಡಿ ಮುರಿದಂತೆ ಹೇಳಿದರು: “ಹಂಚೋದು ಗಿಂಚೋದು ಬ್ಯಾಡ್ರಿ. ಹಳೇ ಪದ್ಧತಿನೇ ಇರ್ಲಿ.”

ಸಿಟ್ಟು ಬಂತು, ಅವರ ಮೇಲಲ್ಲ, ನನ್ನ ಮೇಲೆ. ಗುರುವಾರ ಬೆಳಿಗ್ಗೆ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದೆ. ಕೆಲಸ ಮುಗಿಯಲಿಕ್ಕಿಲ್ಲ ಎಂಬ ಮಾತನ್ನು ಚಾಚಾ ಅವರಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ.

ದಾಖಲೆ ಕೋಣೆಯ ಕಿಟಕಿಯ ಹತ್ತಿರ ಓದುವ ಮೇಜು ಎರಡೇ, ಈಚಿನ ದಾಖಲೆಗಳನ್ನು ನೋಡುವ ಗುಮಾಸ್ತರು ಮೂವರು. ಮೇಜು ಯಾರ ಸ್ವಂತದ್ದೂ ಅಲ್ಲ. ಚಾಚಾ ಅವರ ಬಳಿ ಎರಡು ಹಿತ್ತಾಳೆ ಬಿಲ್ಲೆ ಇದ್ದವು. ಬಿಲ್ಲೆ ಇಸಿದುಕೊಂಡವರು ಮೇಜಿಗೆ ಕೂರಬೇಕು, ಎದ್ದಾಗ ಅದನ್ನು ಚಾಚಾ ಅವರ ಕೈಗೇ ಮರಳಿಸಬೇಕು. ನಾನು ಮಾತಿಗೆ ಪದ ಹುಡುಕುತ್ತಿದ್ದಾಗಲೇ ಒಬ್ಬ ಗುಮಾಸ್ತ ಎದ್ದು ಬಿಲ್ಲೆಯನ್ನು ಪಕ್ಕದವನ ಕೈಗೆ ಕೊಟ್ಟುಬಿಟ್ಟ. ಚಾಚಾ ಗದರಿದರು.

“ಅವನಿಗ್ಯಾಕ ಕೊಟ್ಟಿ? ನನ್ನ ಕೈಗೆ ಕೊಡು.”

“ಟೇಬಲ್ ಖಾಲಿನೇ ಅದಲ್ರಿ ಚಾಚಾ.”

“ನೀ ಎದ್ರ ಟೇಬಲ್ ಖಾಲಿ ಆಗಲ್ಲಪಾ. ನಿನ್ನ ಬಸ್ತಾ ಕಟ್ಟಿ ಆಗ್ಯದ ಇಲ್ಲ ನಾ ನೋಡಬೇಕು. ಆಮ್ಯಾಗ ಅವನಿಗೆ.”

ನಾನು ಹೇಳಲು ಬಂದದ್ದನ್ನು ಹೇಳಲೇ ಇಲ್ಲ. ಚಹಾ ಕುಡಿಯದೆ ಎದ್ದದ್ದಕ್ಕೆ ಚಾಚಾ ಬೇಜಾರಾದರು. ಬಸ್ಸಿನಲ್ಲಿ ಕೂತಾಗ ನನಗೆ ನಗು ತಡೆಯಲಾಗಲಿಲ್ಲ. ಡ್ರೈವುಗಳನ್ನು ಹಂಚಿದ್ದೆ, ಬಿಲ್ಲೆ ಹಿಡಿಯುವವರನ್ನು ಮಾತ್ರ ನೇಮಿಸಿರಲಿಲ್ಲ.

ನಮ್ಮ ಸಾಫ್ಟ್‌ವೇರಿನಲ್ಲಿ ಅದಕ್ಕೆ ಲೈಬ್ರರಿ ಮ್ಯಾನೇಜರ್ ಎಂಬ ಸೌಲಭ್ಯವೇ ಇತ್ತು, ಕೈಪಿಡಿಯ ಆ ಅಧ್ಯಾಯವನ್ನು ನಾನು ಹಾರಿಸಿ ಓದಿದ್ದೆ. ಹುಮನಾಬಾದಿನ ಸರ್ವರನ್ನು ಯಜಮಾನನಾಗಿ ಮಾಡಿದೆ. ಯಾಂತ್ರಿಕ ಕೈಯನ್ನು ಆಡಿಸುವ ಅಧಿಕಾರ ಅದಕ್ಕೊಂದಕ್ಕೇ. ಉಳಿದವು ಡ್ರೈವನ್ನು ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಒಪ್ಪಿಸಬೇಕು. ಟೇಪು ತನ್ನ ಗೂಡಿಗೆ ಮರಳಿದ್ದನ್ನು ನೋಡಿಯೇ ಯಜಮಾನ ಆ ಡ್ರೈವನ್ನು ಮುಂದಿನವರಿಗೆ ಕೊಡುತ್ತದೆ. ಏಳುವಾಗ ರೀಸೆಟ್ ಕಳಿಸುವ ಚಾಳಿಯನ್ನೂ ಮೂರೂ ಸರ್ವರಿನಲ್ಲಿ ಬಿಡಿಸಿದೆ.

ಶುಕ್ರವಾರ ಬೆಳಿಗ್ಗೆ ಕುಲಕರ್ಣಿ ಸರ್ ಅವರನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿದೆ. ಒಂದು ಪರೀಕ್ಷಾ ಟೇಪಿನ ಮೇಲೆ ಬರೆಯುತ್ತಿರುವಾಗಲೇ ಸೂಚಿಯ ಸರ್ವರನ್ನು ಬೇಕಂತಲೇ ಆರಿಸಿ ಹಚ್ಚಿದೆ. ಟೇಪು ಜಪ್ಪಯ್ಯ ಎನ್ನಲಿಲ್ಲ. ತಾಳೆಯೂ ಸರಿಬಂತು.

“ಇನ್ನೊಮ್ಮೆ ಮಾಡ್ರಿ,” ಎಂದರು. ಮೂರು ಸಲ ಮಾಡಿದೆ. ಮೂರನೆಯದಾದ ಮೇಲೆ ಅವರೇ ಜೀಪಿನ ಚಾಲಕನನ್ನು ಕೂಗಿದರು. ಸಂಜೆಗೆ ಮೂರು ಖಾಲಿ ಡಿಸ್ಕು ಬಸವಕಲ್ಯಾಣದ ದಾರಿ ಹಿಡಿದವು. ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ, ನಾಚಿಕೆಯೇನೂ ಆಗಲಿಲ್ಲ.

ಉಳಿದದ್ದು ಹನ್ನೆರಡು ಕೆಲಸದ ದಿನ, ೧೨೦ ಬಸ್ತಾ. ಚಾಚಾ ದಿನಕ್ಕೆ ಹತ್ತು ಓದಿದರು. ಯಾವ ದಿನವೂ ಡಿಸ್ಕಿಗಾಗಿ ಕಾಯಲಿಲ್ಲ.

ಜುಲೈ ೩೧ರ ಮಧ್ಯಾಹ್ನ ಕೊನೆಯ ಡಿಸ್ಕನ್ನು ಅವರೇ ಹೊತ್ತು ತಂದರು, ಬಸ್ತಾದ ಕೆಂಪು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ. ಪೆಟ್ಟಿಗೆಯ ಗಾಜಿನೊಳಗೆ ಯಾಂತ್ರಿಕ ಕೈ ಟೇಪು ಎತ್ತುವುದನ್ನು ಕನ್ನಡಕ ಒರೆಸಿಕೊಂಡು ನೋಡಿದರು. ಎರಡನೇ ಪ್ರತಿಯ ತಾಳೆ ಮುಗಿದಾಗ ನಾಲ್ಕೂ ಹತ್ತು.

“ಇಲ್ಲಿ ಬಿಲ್ಲೆ ಯಾರ ಕೈಯಾಗ ಅದ?” ಎಂದು ಕೇಳಿದರು. ನಾನು ಯಜಮಾನ ಸರ್ವರನ್ನು ತೋರಿಸಿದೆ.

“ಖಾಲಿ ಆಗ್ಯದ ಇಲ್ಲ ನೋಡಿನೇ ಕೊಡ್ತದಾ?”

“ನೋಡಿನೇ ಕೊಡ್ತದ್ರಿ ಚಾಚಾ.”

“ಹಂಗಾದ್ರ ನಾ ಇನ್ನ ಮನಿಗಿ ಹೋಗಬಹುದು,” ಎಂದು ನಕ್ಕು, ಕೆಂಪು ಬಟ್ಟೆ ಮಡಚಿ ಬಗಲಲ್ಲಿಟ್ಟುಕೊಂಡರು.

ಆಮೇಲೆ ನೂರಾರು ಡ್ರೈವ್ ಇರುವ ಕೇಂದ್ರಗಳಲ್ಲೂ ದುಡಿದೆ. ಹೊಸ ಜಾಗಕ್ಕೆ ಹೋದಾಗ ಡ್ರೈವ್ ಎಷ್ಟಿವೆ ಎಂದು ನಾನು ಮೊದಲು ಕೇಳುವುದಿಲ್ಲ. ಕೊಟ್ಟದ್ದನ್ನು ವಾಪಸ್ ಇಸಿದುಕೊಂಡು ನೋಡುವವರು ಯಾರು ಎಂದು ಕೇಳುತ್ತೇನೆ.