ಎಡಗೈ ಜೇಬಿನಲ್ಲಿಟ್ಟ ಗಿರಾಕಿ

ಟೈಲರ್ ಮಾವ ವಿಡಿಯೊ ಗೇಮ್ ಅಂಗಡಿಗೆ ಬರುವುದು ಬಿಟ್ಟಿ ಆಟಕ್ಕೆಂದು ಬೀದಿಯಲ್ಲೆಲ್ಲ ಸುದ್ದಿ. ಅದು ಶುದ್ಧ ಸುಳ್ಳೆಂದು ಅಂಗಡಿಯೊಡತಿ ಆಣೆಯಿಟ್ಟು ಹೇಳಬಲ್ಲಳು. ಡಬ್ಬಿಯ ಬೆನ್ನ ಮೇಲಿನ ಸಣ್ಣಕ್ಷರಗಳನ್ನು ಅವರು ಬಟ್ಟೆಯ ನೂಲೆಳೆ ಪರೀಕ್ಷಿಸುವಂತೆ ಓದುತ್ತಾರೆ. “ಚಿತ್ರ ಚೆಂದ ಇದ್ರೆ ಸಾಲ್ದಮ್ಮ, ಹೊಲಿಗೆ ಗಟ್ಟಿ ಇರ್ಬೇಕು. ಇಬ್ರು ಒಟ್ಟಿಗೆ ಆಡ್ಬಹುದಾ?” ಎಂದು ಪ್ರತಿ ಸಲವೂ ಕೇಳುತ್ತಾರೆ. ಆಮೇಲೆ ಅಂಗಡಿಯ ಟೀವಿಯ ಮುಂದೆ ಕುಳಿತು, ಎಡಗೈಯನ್ನು ಜೇಬಿಗೆ ತುರುಕಿ, ತೊಡೆಯ ಮೇಲಿಟ್ಟ ಕಂಟ್ರೋಲರನ್ನು ಬಲಗೈಯೊಂದರಿಂದಲೇ ಒತ್ತುತ್ತ ಕಾರು ಓಡಿಸುತ್ತಾರೆ, ಗೋಡೆಗೆ ಗುದ್ದುತ್ತಾರೆ, ಹಲ್ಲು ಕಚ್ಚಿ ಮತ್ತೆ ಓಡಿಸುತ್ತಾರೆ. “ಏನ್ ಮಾವ, ಸ್ಟೈಲಾ?” ಎಂದು ಅವಳು ಛೇಡಿಸಿದರೆ ನಕ್ಕು ಮತ್ತೆ ಗುಂಡಿ ಒತ್ತುತ್ತಾರೆ. ಹೀಗೆ ಹದಿನಾರು ಆಟಗಳು ಅವರ ಪರೀಕ್ಷೆಯಲ್ಲಿ ಫೇಲಾದವು. ಹದಿನೇಳನೆಯದರಲ್ಲಿ ಕಾರು ಗುರಿ ಮುಟ್ಟಿದ್ದೇ ತಡ, ಮಾವ ಸ್ಟೂಲಿನಿಂದ ಜಿಗಿದೇಬಿಟ್ಟರು: “ಇದೇ ಕಣಮ್ಮಾ, ಪ್ಯಾಕ್ ಮಾಡು! ಲಕ್ವ ಹೊಡೆದಾಗಿಂದ ನಮ್ಮಕ್ಕನ ಎಡಗೈ ಏಳಲ್ಲ. ಚಿಕ್ಕಂದಿನಿಂದ ನನ್ನನ್ನ ಒಂದಾಟಾನೂ ಗೆಲ್ಲೋಕೆ ಬಿಟ್ಟೋಳಲ್ಲ, ಈಗ ಆಟಾನೇ ಬೇಡ ಅಂತ ಗೋಡೆ ನೋಡ್ಕೊಂಡು ಕೂತಿದಾಳೆ!” ಅಂಗಡಿಯೊಡತಿ ಡಬ್ಬಿಯನ್ನು ಜೋಪಾನವಾಗಿ ಕಟ್ಟಿಕೊಟ್ಟಳು. ಸದ್ಯಕ್ಕೆ ಅಕ್ಕ ಒಂಬತ್ತು ರೇಸು ಗೆದ್ದಿದ್ದಾರೆ, ಟೈಲರ್ ಮಾವ ಎರಡು. ಇಬ್ಬರೂ ಬಲಗೈಯಲ್ಲೇ ಆಡುತ್ತಾರೆ.